ನಾಲ್ಕು ತಿಂಗಳು ತುಂಬಿತು, ಮಗುವಿನ ಕುತ್ತಿಗೆ ಇನ್ನೂ ಪೂರ್ತಿ ನಿಂತಿಲ್ಲ, ಬೋರಲೂ ಬೀಳುತ್ತಿಲ್ಲ. ಕಾಯಬಹುದಾ?

ತುಮಕೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ನನಗೆ ಮೊದಲ ಮಗು, ಗಂಡು. ಮೊನ್ನೆಗೆ ನಾಲ್ಕು ತಿಂಗಳು ತುಂಬಿತು. ನನಗೆ ಬಿಪಿ ಏರಿತು ಅಂತ 35ನೇ ವಾರಕ್ಕೇ ಆಪರೇಷನ್ ಮಾಡಿ ತೆಗೆದರು. ಹುಟ್ಟಿದಾಗ 2.1 ಕೆಜಿ, ಈಗ 5.4 ಕೆಜಿ. ಬರೀ ಎದೆಹಾಲು. ಚೆನ್ನಾಗಿ ಕುಡಿಯುತ್ತಾನೆ, ಮುಖ ನೋಡಿ ನಗುತ್ತಾನೆ, ಊಂ ಆಂ ಅಂತ ಮಾತಾಡುತ್ತಾನೆ.

ನನ್ನ ಚಿಂತೆ ಕುತ್ತಿಗೆಯದ್ದು. ಹೆಗಲ ಮೇಲೆ ಹಾಕಿಕೊಂಡರೆ ಸ್ವಲ್ಪ ಹೊತ್ತು ತಲೆ ಎತ್ತಿ ಸುತ್ತ ನೋಡುತ್ತಾನೆ, ಆಮೇಲೆ ಹಣೆ ಬಂದು ನನ್ನ ಭುಜಕ್ಕೆ ಬಡಿಯುತ್ತದೆ. ಬೋರಲು ಮಲಗಿಸಿದರೆ ಮುಖ ಕೆಂಪಗೆ ಮಾಡಿಕೊಂಡು ಒಂದೇ ಸಮ ಅಳು. ಮಗುಚಿಕೊಳ್ಳುವ ಸುಳಿವೇ ಇಲ್ಲ. ನಮ್ಮ ಅತ್ತೆಯ ತಂಗಿಯ ಮೊಮ್ಮಗಳು ಮೂರು ತಿಂಗಳಿಗೇ ಬೋರಲು ಬಿದ್ದಳಂತೆ, ಮನೆಗೆ ಬಂದವರೆಲ್ಲ ಅದನ್ನೇ ಹೇಳುತ್ತಾರೆ.

ಇನ್ನೊಂದು ವಿಷಯ. ಯಾವಾಗ ನೋಡಿದರೂ ಎಡಗಡೆಗೇ ಮುಖ ತಿರುಗಿಸಿ ಮಲಗುತ್ತಾನೆ. ತಲೆಯ ಹಿಂದೆ ಎಡಭಾಗ ಚಪ್ಪಟೆ ಆಗಿದೆ, ಅಲ್ಲಿ ಕೂದಲು ಸವೆದು ಬೋಳಾಗಿದೆ. ಅತ್ತೆ ಸಾಸಿವೆ ದಿಂಬು ಹೊಲಿದು ಕೊಟ್ಟಿದ್ದಾರೆ. 14 ವಾರದ ಲಸಿಕೆಗೆ ಹೋದಾಗ ಡಾಕ್ಟರು ತೂಕ ನೋಡಿ ಚೆನ್ನಾಗಿದೆ ಎಂದರು. ಕ್ಯೂ ಉದ್ದ ಇತ್ತು, ಮಾತು ಅಲ್ಲಿಗೇ ಮುಗಿಯಿತು. ಇನ್ನೂ ಕಾಯಬಹುದಾ, ತೋರಿಸಬೇಕಾ?

ಮಂಡ್ಯದಜ್ಜಿ

ಮಗಾ, ಮೊದಲು ಆ ಮೂರು ತಿಂಗಳಿಗೆ ಬೋರಲು ಬಿದ್ದ ಕೂಸಿನ ಮಾತು ಬಿಡು. ನಾನು ಮೊಮ್ಮಕ್ಕಳಿಗೆಲ್ಲ ನೀರು ಹಾಕಿದವಳು, ಒಂದೊಂದು ಕೂಸು ಒಂದೊಂದು ಥರ. ಬೆಳಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಕೂಸಿನ ಮೈ ತಿಕ್ಕು. ಆಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಬಿಸಿನೀರು ಎರೆ. ತಲೆ ನಿನ್ನ ಪಾದದ ಕಡೆ ಇರಬೇಕು. ಬೆನ್ನಿಗೆ ನೀರು ಬಿದ್ದಾಗಲೆಲ್ಲ ಕೂಸು ತಲೆ ಎತ್ತಿ ಎತ್ತಿ ನೋಡುತ್ತದೆ. ನಮ್ಮ ಮಕ್ಕಳ ಕುತ್ತಿಗೆ ನಿಂತಿದ್ದೇ ಹಾಗೆ. ಈಗ ಪ್ಲಾಸ್ಟಿಕ್ ಟಬ್ಬಿನಲ್ಲಿ ಅಂಗಾತ ಒರಗಿಸಿ ಐದು ನಿಮಿಷದಲ್ಲಿ ಸ್ನಾನ ಮುಗಿಸುತ್ತಾರೆ.

ಒಂದೇ ಕಡೆ ಮುಖ ತಿರುಗಿಸುತ್ತದೆ ಅಂದೆಯಲ್ಲ, ಅದನ್ನು ಮಾತ್ರ ಡಾಕ್ಟರಿಗೆ ತೋರಿಸು. ಅದಕ್ಕೆ ಎಣ್ಣೆ ನೀವಿ ಸರಿಮಾಡುವ ಕೆಲಸಕ್ಕೆ ಹೋಗಬೇಡ.

ಅವಳಿ ಅಮ್ಮ, ಧಾರವಾಡ

ಅಕ್ಕಾ, ನಿಮ್ಮ ಮಗನಿಗೆ ನಾಲ್ಕು ತಿಂಗಳು ಅಂತ ಲೆಕ್ಕ ಹಾಕಬೇಡಿ. 37 ವಾರಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಿಗೆ ಎರಡು ವಯಸ್ಸು ಇರುತ್ತದೆ. ಹುಟ್ಟಿದ ದಿನದಿಂದ ಎಣಿಸುವುದು ಒಂದು, ಡಾಕ್ಟರು ಕೊಟ್ಟ ಡ್ಯೂ ಡೇಟಿನಿಂದ ಎಣಿಸುವುದು ಇನ್ನೊಂದು. ಲಸಿಕೆಗೆ ಮೊದಲನೆಯದು. ಬೆಳವಣಿಗೆ ನೋಡುವುದಕ್ಕೆ ಎರಡನೆಯದು. 40ರಲ್ಲಿ 35 ಹೋದರೆ 5 ವಾರ. ಅಂದರೆ ಕುತ್ತಿಗೆ ನಿಲ್ಲುವುದು, ಮಗುಚುವುದು, ಕೂರುವುದು ಇದಕ್ಕೆಲ್ಲ ನಿಮ್ಮ ಮಗನಿಗೆ ಇನ್ನೂ ಮೂರು ತಿಂಗಳೂ ತುಂಬಿಲ್ಲ! ಎರಡು ವರ್ಷ ಆಗುವವರೆಗೂ ಹೀಗೇ ಎಣಿಸಬೇಕು.

ನನ್ನ ಅವಳಿಗಳು 33 ವಾರಕ್ಕೆ ಹುಟ್ಟಿದವು. ನಮ್ಮ ಡಾಕ್ಟರು ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಎರಡೂ ತಾರೀಕು ಬರೆದುಕೊಟ್ಟಿದ್ದರು, ಹಾಗಾಗಿ ನೆಂಟರಿಗೆ ಉತ್ತರ ಹೇಳುವುದು ಸುಲಭವಾಯಿತು. ಇದನ್ನು ಓದುವ ಬೇರೆ ಅಮ್ಮಂದಿರಿಗೂ ಒಂದು ಮಾತು. 34 ವಾರಕ್ಕಿಂತ ಮುಂಚೆ ಹುಟ್ಟಿದ್ದರೆ ಅಥವಾ ಹುಟ್ಟಿದ ತೂಕ 2 ಕೆಜಿಗಿಂತ ಕಡಿಮೆ ಇದ್ದರೆ ಕಣ್ಣಿನ ಒಳಪರದೆಯ ಪರೀಕ್ಷೆ ಒಂದು ತಿಂಗಳೊಳಗೆ ಆಗಲೇಬೇಕು. ಮಗು ನೋಡುವುದಕ್ಕೆ ಆರೋಗ್ಯವಾಗಿಯೇ ಇದ್ದರೂ ಬಿಡಬೇಡಿ.

ಓಸ್ಲೋದಲ್ಲಿರುವ ಅಪ್ಪ

ನಾವಿರುವುದು ನಾರ್ವೆಯಲ್ಲಿ, ಊರು ಶಿವಮೊಗ್ಗ. ಮಗಳಿಗೆ ಆರು ತಿಂಗಳು. ಇಲ್ಲಿನ ನರ್ಸ್ ಮತ್ತು ಊರಿನಿಂದ ಫೋನಿನಲ್ಲಿ ಅಮ್ಮ, ಇಬ್ಬರ ಮಾತೂ ಕೇಳಿ ಕೇಳಿ ನಾನೇ ಓದಲು ಕೂತೆ.

ಈಗ ಬಹಳಷ್ಟು ದೇಶಗಳಲ್ಲಿ ಬಳಸುವ ಬೆಳವಣಿಗೆಯ ಚಾರ್ಟನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದಿತು. ಅದಕ್ಕಾಗಿ ಆರು ದೇಶಗಳ ಮಕ್ಕಳನ್ನು ಅಳೆದಿದ್ದರು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ. ಭಾರತದಿಂದ ದಕ್ಷಿಣ ದೆಹಲಿ, ನಾರ್ವೆಯಿಂದ ಓಸ್ಲೋ. ಎದೆಹಾಲು, ಲಸಿಕೆ, ಶುಚಿಯಾದ ಮನೆ ಸಿಕ್ಕರೆ ಚಿಕ್ಕ ಮಕ್ಕಳು ಎಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ಥರ ಉದ್ದ ಬೆಳೆಯುತ್ತಾರೆ ಅನ್ನುವುದು ಅದರಿಂದ ಗೊತ್ತಾಯಿತು. ‘ನಮ್ಮ ಮಕ್ಕಳು ಸಣ್ಣ, ಬಿಳಿಯರ ಮಕ್ಕಳು ದಪ್ಪ’ ಅನ್ನುವ ಮಾತಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ನಿಮಗೆ ಬೇಕಾದದ್ದು ಇದು. ಮಕ್ಕಳು ಯಾವಾಗ ಕೂರುತ್ತಾರೆ, ನಿಲ್ಲುತ್ತಾರೆ, ನಡೆಯುತ್ತಾರೆ ಅಂತಲೂ ಅವರು ಬರೆದಿಟ್ಟರು. ಆಧಾರವಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳವರೆಗೆ. ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳು. ನಡುವೆ ಎಷ್ಟು ಅಂತರ ನೋಡಿ. ಒಂಬತ್ತು ತಿಂಗಳಿಗೆ ನಡೆದ ಮಗುವೂ ಹದಿನೇಳಕ್ಕೆ ನಡೆದ ಮಗುವೂ ಇಬ್ಬರೂ ಸರಿಯೇ. ನೂರಕ್ಕೆ ನಾಲ್ಕು ಮಕ್ಕಳಂತೂ ಕೈ ಮೊಣಕಾಲು ಊರಿ ಅಂಬೆಗಾಲು ಇಡಲೇ ಇಲ್ಲ, ಸೀದಾ ಎದ್ದು ನಿಂತವು.

ದಾವಣಗೆರೆ ಫಿಸಿಯೋ

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಹೀಗೆ ಬರೆದದ್ದನ್ನು ಓದಿ ರೋಗ ಹೇಳುವುದು ಸರಿಯಲ್ಲ, ಆದರೆ ನಿಮ್ಮ ಬರಹದಲ್ಲಿ ಎರಡು ಬೇರೆ ಬೇರೆ ವಿಷಯ ಇದೆ, ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಕುತ್ತಿಗೆ ಮತ್ತು ಬೋರಲು. ಧಾರವಾಡದವರು ಹೇಳಿದ ಲೆಕ್ಕ ಪೂರ್ತಿ ಸರಿ. ಕುತ್ತಿಗೆ ಒಂದೇ ದಿನ ನಿಲ್ಲುವುದಿಲ್ಲ. ಬೋರಲು ಮಲಗಿಸಿದಾಗ ಹುಟ್ಟಿದ ಕೂಸು ಉಸಿರಾಡಲು ಮುಖವನ್ನು ಪಕ್ಕಕ್ಕೆ ಹೊರಳಿಸುತ್ತದೆ, ಅಷ್ಟೇ. ಒಂದು ತಿಂಗಳ ಹೊತ್ತಿಗೆ ಗಲ್ಲ ನೆಲದಿಂದ ಒಂದು ಕ್ಷಣ ಮೇಲೆ ಬರುತ್ತದೆ. ಎರಡು ತಿಂಗಳಿಗೆ ತಲೆ ಅರ್ಧ ಎತ್ತುತ್ತದೆ, ತೂಗಾಡುತ್ತದೆ. ಮೂರಕ್ಕೆ ಮೊಣಕೈ ಊರಲು ಶುರು. ನಾಲ್ಕು ತಿಂಗಳ ಕೊನೆಗೆ ಮೊಣಕೈ ಮೇಲೆ ಎದೆ ಎತ್ತಿ ಎದುರಿಗೆ ನೋಡುತ್ತದೆ, ಎತ್ತಿಕೊಂಡಾಗ ತಲೆ ನೆಟ್ಟಗೆ ನಿಲ್ಲುತ್ತದೆ. ಐದು ಆರರ ಹೊತ್ತಿಗೆ ಅಂಗೈ ಊರಿ ಕೈ ನೇರ ಮಾಡುತ್ತದೆ. ಇಲ್ಲಿ ತಿಂಗಳಿಗಿಂತ ಮೆಟ್ಟಿಲು ಮುಖ್ಯ. ಕಳೆದ ತಿಂಗಳಿಗಿಂತ ಈ ತಿಂಗಳು ಒಂದು ಮೆಟ್ಟಿಲು ಮೇಲಿದ್ದಾನಾ ಅಂತ ನೋಡಿ. ನಿಮ್ಮ ಮಗ ಹೆಗಲ ಮೇಲೆ ಸ್ವಲ್ಪ ಹೊತ್ತು ತಲೆ ಎತ್ತಿ ನೋಡಿ ಆಮೇಲೆ ಬಿಡುತ್ತಾನೆ ಅಂದರೆ ಅದು ಅವನ ಮೂರು ತಿಂಗಳ ವಯಸ್ಸಿಗೆ ಹೊಂದುತ್ತದೆ.

ಮಗುಚಿಕೊಳ್ಳುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ನಡುವೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತನ್ನ ಪಟ್ಟಿಯನ್ನು ತಿದ್ದಿದಾಗ ಬೋರಲಿನಿಂದ ಅಂಗಾತಕ್ಕೆ ಹೊರಳುವುದನ್ನು ಆರು ತಿಂಗಳಿಗೆ ಇಟ್ಟಿತು. ಮೂರು ತಿಂಗಳಿಗೆ ಬೋರಲು ಬಿದ್ದರೆ ಸಂತೋಷ, ಬೀಳದಿದ್ದರೆ ಯಾವ ಕೊರತೆಯೂ ಅಲ್ಲ.

ಎರಡನೆಯದು ಒಂದೇ ಕಡೆ ಮುಖ. ಇದಕ್ಕೆ ಕಾಯಬೇಡಿ. ಇದರಲ್ಲಿ ತಿಂಗಳ ಲೆಕ್ಕ ಇಲ್ಲ.

ಕಿವಿಯ ಹಿಂದಿನಿಂದ ಎದೆಮೂಳೆಯ ತನಕ ಕುತ್ತಿಗೆಯ ಎರಡೂ ಕಡೆ ಹಗ್ಗದಂಥ ಒಂದು ಸ್ನಾಯು ಇದೆ. ಗರ್ಭದಲ್ಲಿ ಇಕ್ಕಟ್ಟಾಗಿ ಮಲಗಿದ್ದಕ್ಕೋ ಹೆರಿಗೆಯಲ್ಲಿ ಎಳೆತ ಬಿದ್ದದ್ದಕ್ಕೋ ಅದರಲ್ಲಿ ಒಂದು ಗಿಡ್ಡವಾಗಿ ಬಿಗಿದಿರಬಹುದು. ಬಲಗಡೆಯದು ಬಿಗಿದಿದ್ದರೆ ತಲೆ ಬಲ ಭುಜದ ಕಡೆ ವಾಲುತ್ತದೆ, ಗಲ್ಲ ಎಡಕ್ಕೆ ತಿರುಗುತ್ತದೆ. ಎಡಕ್ಕೇ ತಿರುಗಿ ಮಲಗಿದರೆ ಎಡ ಹಿಂಭಾಗ ಚಪ್ಪಟೆ ಆಗುತ್ತದೆ, ಚಪ್ಪಟೆ ಆದಮೇಲೆ ತಲೆ ತಾನಾಗಿ ಆ ಕಡೆಗೇ ಉರುಳುತ್ತದೆ. ಒಂದಕ್ಕೊಂದು ಕೂಡಿಕೊಂಡು ಜಾಸ್ತಿ ಆಗುತ್ತಾ ಹೋಗುತ್ತದೆ. ಬೋರಲು ಹಾಕಿದರೆ ಅಳುವುದಕ್ಕೂ ಇದು ಕಾರಣ ಇರಬಹುದು, ಒಂದು ಕಡೆ ಎಳೆಯುತ್ತಿರುವಾಗ ತಲೆ ಎತ್ತುವುದು ಕಷ್ಟ ಅಲ್ವಾ.

ಮನೆಯಲ್ಲೇ ಇಷ್ಟು ನೋಡಿ. ಅವನು ಖುಷಿಯಾಗಿರುವಾಗ ಅಂಗಾತ ಮಲಗಿಸಿ, ಮುಖದ ಮುಂದೆ ಗಿಲಕಿ ಹಿಡಿದು ನಿಧಾನ ಬಲಕ್ಕೆ ಒಯ್ಯಿರಿ. ಕಣ್ಣು ಮಾತ್ರ ಬರುತ್ತಾ, ತಲೆಯೂ ಬರುತ್ತಾ? ಎಲ್ಲಿ ನಿಲ್ಲುತ್ತದೆ? ಸ್ನಾನದ ಹೊತ್ತಿಗೆ ಬಲಗಡೆ ಕುತ್ತಿಗೆಯ ಮಡಿಕೆ ಬಿಡಿಸಿ ನೋಡಿ, ಅಲ್ಲಿ ಕೆಂಪಗಿದೆಯಾ, ಹಾಲಿನ ಹುಳಿ ವಾಸನೆ ಇದೆಯಾ? ಬೆರಳಿನಿಂದ ಮೆತ್ತಗೆ ಸವರಿದರೆ ಕಡಲೆಕಾಳಿನಷ್ಟು ಗಟ್ಟಿ ಸಿಗುತ್ತದಾ? ಬಲವಂತವಾಗಿ ತಲೆ ತಿರುಗಿಸಬೇಡಿ, ಮಾಲೀಸಿನವರ ಕೈಗೂ ಕುತ್ತಿಗೆ ಕೊಡಬೇಡಿ.

ಸಾಸಿವೆ ದಿಂಬು ತೆಗೆದಿಡಿ. ಅತ್ತೆಯವರು ಪ್ರೀತಿಯಿಂದ ಹೊಲಿದಿದ್ದಾರೆ, ಗೊತ್ತು. ಆದರೆ ಒಂದು ವರ್ಷದ ತನಕ ಮಲಗುವ ಜಾಗದಲ್ಲಿ ಯಾವ ದಿಂಬೂ ಬೇಡ, ಮುಖಕ್ಕೆ ಅಡ್ಡ ಬಂದರೆ ಉಸಿರು ಕಟ್ಟುತ್ತದೆ. ಕುತ್ತಿಗೆ ಬಿಗಿದಿದ್ದರೆ ಅದು ಯಾವ ದಿಂಬಿನಿಂದಲೂ ಸಡಿಲ ಆಗುವುದಿಲ್ಲ.

ಕೋಲಾರದ ಅಪ್ಪ

ಎಲ್ಲದಕ್ಕೂ ಡಾಕ್ಟರು, ಫಿಸಿಯೋ ಅಂತ ಓಡಬೇಕಾ? ನಮ್ಮ ಕಾಲದಲ್ಲಿ ಯಾರು ತೋರಿಸಿದರು? ಎಲ್ಲರ ತಲೆಯೂ ದುಂಡಗೇ ಆಯಿತು. ನನ್ನ ಮಗಳ ತಲೆಯೂ ಹಿಂದೆ ಚಪ್ಪಟೆ ಇತ್ತು, ಕೂರಲು ಶುರು ಮಾಡಿದ ಮೇಲೆ ತಾನಾಗಿ ಸರಿಹೋಯಿತು. ಹೊಸ ತಾಯಂದಿರನ್ನು ಸುಮ್ನೆ ಹೆದರಿಸಬೇಡಿ.

ದಾವಣಗೆರೆ ಫಿಸಿಯೋ

ಸರ್, ನಿಮ್ಮ ಮಗಳ ವಿಷಯದಲ್ಲಿ ನೀವು ಹೇಳುವುದು ಸರಿ. ತಲೆ ಹಿಂದೆ ಸಮನಾಗಿ ಚಪ್ಪಟೆ ಇದ್ದು, ಎರಡೂ ಕಡೆ ಕುತ್ತಿಗೆ ಸಲೀಸಾಗಿ ತಿರುಗುತ್ತಿದ್ದರೆ, ಕೂರುವ ಹೊತ್ತಿಗೆ ಬಹುಪಾಲು ಸರಿಹೋಗುತ್ತದೆ. ದುಬಾರಿ ಹೆಲ್ಮೆಟ್ ಹಾಕಿಸಿ ಅಂತ ಈಗ ಜಾಹೀರಾತು ಬರುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಹೆಲ್ಮೆಟ್ ಹಾಕಿದ ಮಕ್ಕಳನ್ನೂ ಹಾಕದ ಮಕ್ಕಳನ್ನೂ ಹೋಲಿಸಿ ನೋಡಿದರು, 2014ರಲ್ಲಿ ಫಲಿತಾಂಶ ಬಂತು, ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ತಲೆಯ ಆಕಾರಕ್ಕೆ ಅಂತ ನಾನು ಯಾರನ್ನೂ ಓಡಿಸುವುದಿಲ್ಲ.

ಈ ಮಗುವಿನದು ಬೇರೆ. ಕುತ್ತಿಗೆ ಒಂದು ಕಡೆ ತಿರುಗುತ್ತಿಲ್ಲ ಅಂದರೆ ಅದು ಆಕಾರದ ಪ್ರಶ್ನೆ ಅಲ್ಲ. ಮೊದಲ ತಿಂಗಳುಗಳಲ್ಲಿ ಶುರು ಮಾಡಿದರೆ ದಿನಕ್ಕೆ ನಾಲ್ಕಾರು ಸಲದ ಸಣ್ಣ ವ್ಯಾಯಾಮದಲ್ಲಿ ಮುಗಿಯುತ್ತದೆ, ವರ್ಷ ತುಂಬಿದ ಮೇಲೆ ಬಂದರೆ ಮಗುವೂ ಬಿಡುವುದಿಲ್ಲ, ಸ್ನಾಯುವೂ ಬಗ್ಗುವುದಿಲ್ಲ. ತೋರಿಸಿ ಏನೂ ಇಲ್ಲ ಅಂತ ಹೇಳಿಸಿಕೊಂಡು ಬಂದರೆ ಅದೂ ಒಳ್ಳೆಯದೇ.

ಅಂಗನವಾಡಿ ಟೀಚರ್, ತಿ. ನರಸೀಪುರ

ನಮ್ಮ ತಾಲ್ಲೂಕಿನಲ್ಲಿ ಅಂಗನವಾಡಿ ಶುರುವಾದದ್ದು 1975ರಲ್ಲಿ, ರಾಜ್ಯದಲ್ಲಿ ಮೊದಲು. ಅದೊಂದು ಹೆಮ್ಮೆ ನಮಗೆ.

ತೂಕದ ವಿಷಯ ಹೇಳುತ್ತೇನೆ. ಹುಟ್ಟಿದ ಮೊದಲ ವಾರ ಮಗು ತೂಕ ಇಳಿಯುತ್ತದೆ, ನೂರಕ್ಕೆ ಹತ್ತರ ತನಕ ಇಳಿಯಬಹುದು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಆಮೇಲೆ ಮೂರು ತಿಂಗಳ ತನಕ ದಿನಕ್ಕೆ 20ರಿಂದ 30 ಗ್ರಾಂ. ಐದು ತಿಂಗಳ ಹೊತ್ತಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ನಿಮ್ಮ ಮಗ 2.1ರಿಂದ 5.4ಕ್ಕೆ ಬಂದಿದ್ದಾನೆ, ಈಗಲೇ ಎರಡೂವರೆ ಪಟ್ಟು ದಾಟಿದೆ. ಹಾಲು ಸಾಲುತ್ತಿಲ್ಲ ಅಂತ ಯಾರಾದರೂ ಹೇಳಿದರೆ ತಾಯಿ ಕಾರ್ಡು ತೆರೆದು ಗೆರೆ ತೋರಿಸಿ. ಒಂದು ದಿನದ ಅಂಕಿಗಿಂತ ಆ ಗೆರೆ ಮೇಲಕ್ಕೆ ಹೋಗುತ್ತಿದೆಯಾ, ಮಲಗಿದೆಯಾ ಅನ್ನುವುದನ್ನು ನೋಡಬೇಕು.

ತಲೆಯ ಸುತ್ತಳತೆಯನ್ನೂ ಕೇಳಿ ಬರೆಸಿ. ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ತುಂಬು ತಿಂಗಳಿಗೆ ಹುಟ್ಟಿದ ಮಗುವಿಗೆ 34, 35 ಸೆಂಟಿಮೀಟರ್ ಇರುತ್ತದೆ, ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಬೆಳೆಯುತ್ತದೆ, ಆಮೇಲೆ ಮೂರು ತಿಂಗಳು ಒಂದೊಂದು. ಟೇಪು ಹುಬ್ಬಿನ ಮೇಲಿಂದ ಹಿಂದೆ ತಲೆ ಉಬ್ಬಿರುವ ಕಡೆ ಹಾಯಬೇಕು.

ದುಡ್ಡಿನ ಚಿಂತೆ ಇರುವವರಿಗೆ ಒಂದು ಮಾತು. ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆ ಆದವರ ಮನೆಗೆ 3, 7, 14, 21, 28, 42ನೇ ದಿನ ಬರುತ್ತಾರೆ, ಆಮೇಲೆ 3ನೇ ತಿಂಗಳಿಂದ ಮೂರು ತಿಂಗಳಿಗೊಮ್ಮೆ. ಅವರು ಬಂದಾಗ ಬರೀ ತೂಕ ಬರೆಸಿ ಕಳಿಸಿಬಿಡಬೇಡಿ, ಅನುಮಾನವನ್ನೂ ಕೇಳಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆ ನೋಡಲೆಂದೇ ಡಿಇಐಸಿ ಅಂತ ವಿಭಾಗ ಇದೆ. ಆರ್‌ಬಿಎಸ್‌ಕೆ ಅನ್ನುವ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯದು, ಉಚಿತ.

ತುಮಕೂರಿನ ತಾಯಿ

ಎಲ್ಲರಿಗೂ ಥ್ಯಾಂಕ್ಸ್. ಫಿಸಿಯೋ ಮೇಡಂ, ನೀವು ಹೇಳಿದಂತೆ ನೋಡಿದೆ. ಗಿಲಕಿಯನ್ನು ಬಲಕ್ಕೆ ಒಯ್ದರೆ ತಲೆ ಮೂಗಿನ ನೇರಕ್ಕಿಂತ ಸ್ವಲ್ಪ ಮುಂದೆ ಬಂದು ನಿಂತುಬಿಡುತ್ತದೆ, ಕಣ್ಣು ಮಾತ್ರ ಪೂರ್ತಿ ಹೋಗುತ್ತದೆ. ಇನ್ನೂ ಎಳೆದರೆ ಸೊಂಟದಿಂದಲೇ ತಿರುಗುತ್ತಾನೆ! ಬಲಗಡೆ ಮಡಿಕೆಯಲ್ಲಿ ಕೆಂಪಗಿದೆ, ವಾಸನೆಯೂ ಇದೆ. ಗಟ್ಟಿ ಏನೋ ಕೈಗೆ ಸಿಕ್ಕ ಹಾಗೆ ಅನಿಸಿತು, ನನಗೆ ಖಾತ್ರಿ ಇಲ್ಲ. ಹಾಲು ಕುಡಿಸುವಾಗಲೂ ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಾಯಿ ಹಚ್ಚಲು ಗಲಾಟೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸೋಮವಾರಕ್ಕೆ ಮಕ್ಕಳ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಏನೇನು ಕೇಳಬೇಕು?

ದಾವಣಗೆರೆ ಫಿಸಿಯೋ

ಸಂಬಂಧ ಇದೆ. ತಿರುಗಲು ಕಷ್ಟವಾದ ಕಡೆಗೆ ಬಾಯಿ ತರಬೇಕಾದರೆ ಮಕ್ಕಳು ಗಲಾಟೆ ಮಾಡುತ್ತಾರೆ. ಹಾಲು ಕುಡಿಸುವ ವಿಷಯವನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಕುತ್ತಿಗೆ ಎರಡೂ ಕಡೆ ಎಷ್ಟು ತಿರುಗುತ್ತದೆ, ತಲೆಬುರುಡೆಯ ಮೂಳೆಗಳು ಕೂಡುವ ಸಂದುಗಳು ಸರಿಯಾಗಿ ತೆರೆದಿವೆಯಾ, ಕಣ್ಣಿನಿಂದ ಏನಾದರೂ ತಲೆ ವಾಲುತ್ತಿದೆಯಾ, ಇವನ್ನು ಅವರು ನೋಡುತ್ತಾರೆ. ಸೊಂಟದ ಕೀಲು ನೋಡಿ ಅಂತ ನೀವೇ ಕೇಳಿ. ಕುತ್ತಿಗೆ ಬಿಗಿದ ಮಕ್ಕಳಲ್ಲಿ ಕೆಲವರಿಗೆ ಸೊಂಟದ ಕೀಲೂ ಸಡಿಲ ಇರುತ್ತದೆ.

ಅಲ್ಲಿಯ ತನಕ ಮಾಡಬಹುದಾದದ್ದು. ಅವನು ನೋಡಲು ಇಷ್ಟಪಡುವುದೆಲ್ಲ ಬಲಗಡೆ ಇರಲಿ. ನೀವು ಪಕ್ಕದಲ್ಲಿ ಮಲಗುವುದು ಬಲಕ್ಕೆ, ಕಿಟಕಿ ಬಲಕ್ಕೆ, ಮಾತಾಡಿಸುವುದು ಬಲಗಡೆಯಿಂದ. ಬೋರಲು ಹಾಕಿದರೆ ಅಳುತ್ತಾನೆ ಅಂದಿರಲ್ಲ, ನೆಲದ ಮೇಲೇ ಆಗಬೇಕೆಂದಿಲ್ಲ. ನೀವು ಒರಗಿ ಮಲಗಿ ಎದೆಯ ಮೇಲೆ ಬೋರಲು ಹಾಕಿಕೊಳ್ಳಿ, ನಿಮ್ಮ ಮುಖ ನೋಡಲು ತಲೆ ಎತ್ತುತ್ತಾನೆ. ತೊಡೆಯ ಮೇಲೆ ಅಡ್ಡ ಹಾಕಿ ಬೆನ್ನು ಸವರಿ. ಟವೆಲ್ ಸುರುಳಿ ಮಾಡಿ ಕಂಕುಳ ಕೆಳಗೆ ಕೊಟ್ಟು, ಕೈ ಎರಡೂ ಮುಂದೆ ಬರುವ ಹಾಗೆ ಚಾಪೆ ಮೇಲೆ ಮಲಗಿಸಿ, ನೀವೂ ಎದುರಿಗೆ ಬೋರಲು ಮಲಗಿ. ಅರ್ಧ ನಿಮಿಷ ಆದರೂ ಸರಿ, ಅಳುವ ಮುಂಚೆ ಎತ್ತಿಕೊಳ್ಳಿ. ಹಾಲು ಕುಡಿದ ತಕ್ಷಣ ಬೇಡ. ಒಂದೊಂದೇ ಸೇರಿ ದಿನಕ್ಕೆ ಅರ್ಧ ಗಂಟೆ ಆಗಬೇಕು, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅಷ್ಟೇ.

ಮಂಡ್ಯದಜ್ಜಿ ಹೇಳಿದ ಕಾಲ ಮೇಲಿನ ಸ್ನಾನವೂ ಇದೇ ಕೆಲಸ ಮಾಡುತ್ತದೆ. ಬೋರಲು ಹಾಕುವುದು ಹೊರಗಿನಿಂದ ಬಂದ ಹೊಸ ಪದ್ಧತಿ ಅಂತ ಕೆಲವರು ಅಂದುಕೊಂಡಿದ್ದಾರೆ. ನಮ್ಮ ಬಚ್ಚಲಲ್ಲಿ ಅದು ದಿನಾ ನಡೆಯುತ್ತಿತ್ತು. ನೀರು ಜಾಸ್ತಿ ಬಿಸಿ ಬೇಡ, ಮೂಗು ಬಾಯಿಗೆ ಹೋಗದಿರಲಿ, ತಲೆ ಮೂಗು ಒತ್ತಿ ತಿದ್ದುವುದು ಬೇಡ.

ಆದರೆ ಬೋರಲು ಎಚ್ಚರ ಇದ್ದಾಗ ಮಾತ್ರ, ಯಾರಾದರೂ ಕಣ್ಣಿಟ್ಟಿರುವಾಗ ಮಾತ್ರ. ನಿದ್ದೆಗೆ ಯಾವಾಗಲೂ ಅಂಗಾತ. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿ ಅಂತ ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲೇ ಸಾಯುವ ಕೂಸುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ತಲೆ ಚಪ್ಪಟೆ ಆಗುತ್ತದೆ ಅಂತ ಅದನ್ನು ಬಿಡಬಾರದು. ಮಗುಚಿಕೊಳ್ಳುವ ಸುಳಿವು ಕಂಡ ದಿನವೇ ಬಟ್ಟೆಯಲ್ಲಿ ಸುತ್ತಿ ಕಟ್ಟಿ ಮಲಗಿಸುವುದನ್ನು ನಿಲ್ಲಿಸಿ.

ಮಕ್ಕಳ ವಾರ್ಡಿನ ನರ್ಸ್

ಈ ಚರ್ಚೆ ಇನ್ನೂ ಬಹಳ ಜನ ಓದುತ್ತಾರೆ. ಅದಕ್ಕೆ ‘ಕಾಯಬೇಡಿ’ ಅನ್ನುವ ಸಂಗತಿಗಳನ್ನೂ ಬರೆದುಬಿಡುತ್ತೇನೆ. ಡ್ಯೂ ಡೇಟಿನಿಂದ ಲೆಕ್ಕ ಹಾಕಿದ ವಯಸ್ಸಿನಲ್ಲೂ ನಾಲ್ಕು ತಿಂಗಳು ತುಂಬಿ ಕುತ್ತಿಗೆ ನಿಲ್ಲದಿದ್ದರೆ ತೋರಿಸಿ. ಮೂರು ತಿಂಗಳಾದರೂ ಮುಖ ನೋಡದಿದ್ದರೆ, ನಗದಿದ್ದರೆ. ಮುಷ್ಟಿ ಬಿಚ್ಚದೆ ಹೆಬ್ಬೆರಳು ಒಳಗೇ ಇಟ್ಟುಕೊಂಡಿದ್ದರೆ. ಮೈ ಸೆಟೆದುಕೊಂಡು ಬಟ್ಟೆ ಬದಲಿಸುವಾಗ ಕಾಲು ಕತ್ತರಿಯ ಹಾಗೆ ಅಡ್ಡ ಬರುತ್ತಿದ್ದರೆ. ಅಥವಾ ಎತ್ತಿಕೊಂಡರೆ ಕೈಯಿಂದ ಜಾರುವಷ್ಟು ಮೆತ್ತಗಿದ್ದರೆ. ಒಂದೇ ಕೈ ಆಡಿಸುತ್ತಿದ್ದರೆ. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲು ಮಾಡುತ್ತಿದ್ದದ್ದನ್ನು ಬಿಟ್ಟುಬಿಟ್ಟರೆ.

ಬೆಚ್ಚಿ ಬೀಳುವುದರ ಬಗ್ಗೆ. ಸದ್ದಾದಾಗ ಕೈ ಚಾಚಿ ಬೆಚ್ಚುವುದು ಎಳೆ ಮಕ್ಕಳಲ್ಲಿ ಸಹಜ, ನಾಲ್ಕರಿಂದ ಆರು ತಿಂಗಳಿಗೆ ಹೋಗುತ್ತದೆ. ಆದರೆ ನಿದ್ದೆಯಿಂದ ಎದ್ದ ಮೇಲೆ, ಯಾವ ಸದ್ದೂ ಇಲ್ಲದೆ, ತಲೆ ಮುಂದಕ್ಕೆ ಬಾಗಿ ಕೈಕಾಲು ಸೆಳೆದು ಬಿಟ್ಟು, ಮತ್ತೆ ಸೆಳೆದು, ಹೀಗೆ ಸಾಲಾಗಿ ಬಂದರೆ ಅದು ಒಂದು ಬಗೆಯ ಫಿಟ್ಸ್ ಇರಬಹುದು. ಎಷ್ಟೋ ಮನೆಗಳಲ್ಲಿ ಹೊಟ್ಟೆನೋವು, ದೃಷ್ಟಿ ಅಂತ ದಿನ ಕಳೆಯುತ್ತಾರೆ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಬಾಣಂತಿ ಪಥ್ಯ. ಇದು ನನಗೆ ಬಹಳ ಸಂಕಟದ ವಿಷಯ. ಪಾಲಿಶ್ ಅಕ್ಕಿಯನ್ನು ಚೆನ್ನಾಗಿ ತೊಳೆದು ಗಂಜಿ ಬಸಿದ ಅನ್ನ, ಮೇಲೆ ಮೆಣಸಿನ ಸಾರು, ಬೇಳೆ ವಾಯು, ಸೊಪ್ಪು ಶೀತ, ಹಣ್ಣು ನೆಗಡಿ ಅಂತ ತಿಂಗಳುಗಟ್ಟಲೆ ಅಷ್ಟೇ ಕೊಟ್ಟರೆ ತಾಯಿಯ ಹಾಲಿನಲ್ಲಿ ಬಿ1 ಜೀವಸತ್ವ ಕಡಿಮೆಯಾಗುತ್ತದೆ. ದುಂಡುದುಂಡಗೆ ಚೆನ್ನಾಗಿದ್ದ ಎರಡು ಮೂರು ತಿಂಗಳ ಕೂಸು ಹಠಾತ್ತನೆ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಅಳುವ ದನಿ ಒಡೆಯುತ್ತದೆ, ಉಸಿರು ಮೇಲಕ್ಕೆ ಬರುತ್ತದೆ. ಹೃದಯಕ್ಕೆ ಏಟು ಬೀಳುತ್ತದೆ. ಕರ್ನಾಟಕದ ಮಕ್ಕಳ ಡಾಕ್ಟರುಗಳೇ ಇದನ್ನು ಗುರುತಿಸಿ ಬರೆದಿದ್ದಾರೆ. ಸಮಯಕ್ಕೆ ಸರಿಯಾಗಿ ಥಯಾಮಿನ್ (ಅದೇ ಬಿ1) ಇಂಜೆಕ್ಷನ್ ಬಿದ್ದರೆ ಬೇಗ ಚೇತರಿಸಿಕೊಳ್ಳುತ್ತದೆ, ತಡವಾದರೆ ಜೀವಕ್ಕೇ ಕುತ್ತು. ಬಾಣಂತಿಗೆ ಬೇಳೆ, ಕಾಳು, ಸೊಪ್ಪು, ರಾಗಿ ಎಲ್ಲ ಕೊಡಿ.

ಸಸ್ಯಾಹಾರಿ ತಾಯಂದಿರು ಬಿ12 ಪರೀಕ್ಷೆ ಮಾಡಿಸಿಕೊಳ್ಳಿ. ತಾಯಿಗೆ ಅದು ಬಹಳ ಕಡಿಮೆ ಇದ್ದರೆ, ಬರೀ ಎದೆಹಾಲಿನಲ್ಲಿರುವ ಮಗು ಕೆಲವು ತಿಂಗಳಾದ ಮೇಲೆ ಮಂಕಾಗುತ್ತದೆ, ನಿಂತ ಕುತ್ತಿಗೆ ಮತ್ತೆ ಬೀಳುತ್ತದೆ. ಮಗುವಿಗೆ ವಿಟಮಿನ್ ಡಿ ಹನಿ ದಿನಕ್ಕೆ 400 ಯೂನಿಟ್, ಒಂದು ವರ್ಷ. ಹುಟ್ಟಿದಾಗ ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಆಗಿಲ್ಲ ಅಂದರೆ ಕೇಳಿ ಮಾಡಿಸಿ.

ತುಮಕೂರಿನ ತಾಯಿ

ತೋರಿಸಿಕೊಂಡು ಬಂದೆವು. ಬಲಗಡೆ ಸ್ನಾಯು ಬಿಗಿದಿದೆ, ಸಣ್ಣ ಗಂಟೂ ಇದೆ ಎಂದರು. ಗಂಟು ಅಪಾಯದ್ದಲ್ಲ, ತಾನಾಗಿ ಕರಗುತ್ತದಂತೆ. ತಲೆಬುರುಡೆ ಸರಿ ಇದೆ. ಕಣ್ಣೂ ಸರಿ ಇದೆ. ಸೊಂಟಕ್ಕೆ ಸ್ಕ್ಯಾನ್ ಬರೆದರು, ಅದೂ ನಾರ್ಮಲ್ ಬಂತು. ಕುತ್ತಿಗೆ ನಿಲ್ಲುವುದು ಅವನ ವಯಸ್ಸಿಗೆ ತಕ್ಕಂತೆ ಇದೆ, ಡ್ಯೂ ಡೇಟಿನಿಂದ ನಾಲ್ಕು ತಿಂಗಳು ತುಂಬಿದಾಗ ಮತ್ತೆ ನೋಡುತ್ತೇನೆ ಎಂದರು.

ಅಲ್ಲಿಯ ಫಿಸಿಯೋ ಎರಡು ವ್ಯಾಯಾಮ ಹೇಳಿಕೊಟ್ಟರು. ನನ್ನ ಕೈಯಲ್ಲೇ ಮಾಡಿಸಿ, ಹೆಬ್ಬೆರಳು ಎಲ್ಲಿಡಬೇಕು ಅಂತ ತಿದ್ದಿ ತೋರಿಸಿದರು. ಒಂದರಲ್ಲಿ ಬಲ ಭುಜವನ್ನು ಅಂಗೈಯಲ್ಲಿ ಮೆತ್ತಗೆ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ತಲೆಯನ್ನು ಎಡ ಭುಜದ ಕಡೆ ವಾಲಿಸಬೇಕು. ಇನ್ನೊಂದರಲ್ಲಿ ಮುಖ ಬಲಕ್ಕೆ. ಡೈಪರ್ ಬದಲಿಸಿದಾಗಲೆಲ್ಲ ಮಾಡಿ ಎಂದರು, ಹಾಗೆ ಮಾಡಿದರೆ ಮರೆಯುವುದಿಲ್ಲ. ನೋಡಿ ಕಲಿಯದೆ ಯಾರೂ ಇದನ್ನು ಓದಿ ಮಾಡಬೇಡಿ ದಯವಿಟ್ಟು, ಎಷ್ಟು ಒತ್ತಬೇಕು ಅನ್ನುವುದು ಕೈಗೆ ಗೊತ್ತಾಗಬೇಕು.

ಅತ್ತೆಯೂ ಜೊತೆಗೆ ಬಂದಿದ್ದರು. ಡಾಕ್ಟರು ದಿಂಬಿನ ವಿಷಯ ಅವರಿಗೇ ವಿವರಿಸಿ ಹೇಳಿದ್ದು ಒಳ್ಳೆಯದಾಯಿತು. ಈಗ ಸ್ನಾನ ಅವರ ಕಾಲ ಮೇಲೇ ನಡೆಯುತ್ತಿದೆ, ಅಲ್ಲಿ ಮಾತ್ರ ಬೋರಲು ಹಾಕಿದರೆ ಅಳುವುದಿಲ್ಲ.

ಅವಳಿ ಅಮ್ಮ, ಧಾರವಾಡ

ಬಹಳ ಸಂತೋಷ ಅಕ್ಕಾ! ಫಿಸಿಯೋ ಮೇಡಂ, ನನ್ನದೂ ಒಂದು ಪ್ರಶ್ನೆ. ನಮ್ಮ ಅವಳಿಗಳು ಈಗ ಕೈ ಹಿಡಿದರೆ ಕಾಲು ಊರಿ ಕುಣಿಯುತ್ತವೆ. ಇಷ್ಟು ಬೇಗ ನಿಲ್ಲಿಸಿದರೆ ಕಾಲು ಬಿಲ್ಲಾಗುತ್ತದೆ ಅಂತ ಅಮ್ಮ ಬೈಯುತ್ತಾರೆ. ಮಾವ ವಾಕರ್ ತರುತ್ತೇನೆ ಅನ್ನುತ್ತಿದ್ದಾರೆ. ಯಾವುದು ಸರಿ?

ದಾವಣಗೆರೆ ಫಿಸಿಯೋ

ಕುಣಿಯಲಿ ಬಿಡಿ. ಕಾಲು ಬಿಲ್ಲಾಗುವುದು ನಿಲ್ಲಿಸಿದ್ದರಿಂದ ಅಲ್ಲ. ಗರ್ಭದಲ್ಲಿ ಮಡಚಿಕೊಂಡಿದ್ದ ಕಾಲು ಎಲ್ಲ ಮಕ್ಕಳಿಗೂ ಸ್ವಲ್ಪ ಬಾಗಿಯೇ ಇರುತ್ತದೆ, ಒಂದೂವರೆ ಎರಡು ವರ್ಷದ ತನಕ ಹಾಗೆ ಕಾಣುತ್ತದೆ, ಆಮೇಲೆ ನೇರವಾಗುತ್ತದೆ. ಎರಡು ವರ್ಷ ದಾಟಿದ ಮೇಲೂ ಜಾಸ್ತಿ ಇದ್ದರೆ, ಅಥವಾ ಒಂದೇ ಕಾಲು ಬಾಗಿದ್ದರೆ ಮಾತ್ರ ತೋರಿಸಿ. ಅವು ತಾವಾಗಿ ಕಾಲು ಊರುತ್ತಿದ್ದರೆ ಸರಿ, ನೀವೇ ಹೊತ್ತುಗಟ್ಟಲೆ ನಿಲ್ಲಿಸಬೇಡಿ, ಆ ಹೊತ್ತು ನೆಲದ ಮೇಲೆ ಹೊರಳಾಡಲಿ.

ವಾಕರ್ ಬೇಡ. ಮಾವನವರಿಗೆ ಹೇಳಿ, ಕೆನಡಾದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ, ಮಕ್ಕಳು ಮೆಟ್ಟಿಲಿನಿಂದ ಉರುಳಿ ತಲೆ ಒಡೆದುಕೊಳ್ಳುತ್ತಾರೆ ಅಂತ. ಅದರಲ್ಲಿ ಕೂತ ಮಗು ತುದಿಗಾಲಲ್ಲಿ ತಳ್ಳಿಕೊಂಡು ಹೋಗುತ್ತದೆ, ತನ್ನ ಮೈಯನ್ನು ತಾನೇ ಎತ್ತಿ ಹಿಡಿಯುವುದನ್ನು ಕಲಿಯುವುದಿಲ್ಲ, ನಡೆಯುವುದು ತಡವೇ ಆಗಬಹುದು. ಅವರು ಏನಾದರೂ ಕೊಡಿಸಲೇಬೇಕು ಅಂದರೆ ದೊಡ್ಡದೊಂದು ಚಾಪೆ ಕೊಡಿಸಲಿ, ಇಬ್ಬರಿಗೂ ಆಗುವಷ್ಟು.

ಎತ್ತಿಕೊಳ್ಳುವಾಗ ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳಿ, ಕೀಲಿಗೆ ಅದು ಒಳ್ಳೆಯದು. ಒಂದೇ ಕಡೆ ಬೇಡ, ಬದಲಿಸುತ್ತಿರಿ.